ಕಾಂಟೆಸ್ಸಾದ ಮುಂದಿನ ಸಣ್ಣ ಟೈರು: ಐದನ್ನು ಹಾಕಿ ನೋಡಿದೆ, ಒಂದನ್ನು ಇಟ್ಟುಕೊಂಡೆ

ನನ್ನ ಕಾಂಟೆಸ್ಸಾ ನೋಡಿದ ಕೂಡಲೇ ಸೋದರಮಾವ ಕೇಳಿದ ಮೊದಲ ಮಾತು: "ಏನೋ ಇದು, ಕಾರಿಗೆ ಸೈಕಲ್ ಚಕ್ರ ಹಾಕಿದ್ದೀಯಲ್ಲೋ?"

ಕಾರು ಮೊದಲು ಅವರದ್ದೇ. ಇಸುಜು 1.8 ಎಂಜಿನ್ನಿನ ಗಾಡಿ. ಮಲ್ಲೇಶ್ವರದ ಮನೆ ಮುಂದೆ ಹೊಂಗೆ ಮರದ ಕೆಳಗೆ ವರ್ಷಗಟ್ಟಲೆ ನಿಂತಿತ್ತು. "ಗುಜರಿಗೆ ಹಾಕೋದಕ್ಕಿಂತ ನೀನೇ ಇಟ್ಕೋ" ಅಂತ ಕೊಟ್ಟರು. ನಾನು ಅದನ್ನು ಡ್ರ್ಯಾಗ್, ಅಂದರೆ ನೇರ ದಾರಿಯಲ್ಲಿ ಕಾಲು ಮೈಲಿಯ ಓಟ, ಓಡಿಸುವ ಗಾಡಿ ಮಾಡುತ್ತೇನೆ ಅಂತ ಗೊತ್ತಿದ್ದರೆ ಕೊಡುತ್ತಿರಲಿಲ್ಲವೇನೋ. ಈಗ ಎಂಜಿನ್ ಬಿಚ್ಚಿ ಕಟ್ಟಿಸಿದ್ದೇನೆ, ಕಾರ್ಬ್ಯುರೇಟರ್ ಬದಲಾಗಿದೆ, ಹಿಂದಿನ ಸೀಟು ಹೋಗಿದೆ. ಕಾಲು ಮೈಲಿ, ಅಂದರೆ 402 ಮೀಟರ್, ಸುಮಾರು 16 ಸೆಕೆಂಡಿಗೆ ಮುಗಿಸುತ್ತೆ. ಕೊನೆಯಲ್ಲಿ ಗಂಟೆಗೆ 135 ಕಿ.ಮೀ. ಆಸುಪಾಸು. ಯಾರಿಗೂ ಹೇಳಿಕೊಳ್ಳುವಂಥ ಸಮಯ ಅಲ್ಲ. ಆದರೆ ಇದೇ ಗಾಡಿಯಲ್ಲಿ ನಾನು ತರಕಾರಿ ತರೋಕೂ ಹೋಗುತ್ತೇನೆ, ಚೆನ್ನೈ ಹತ್ತಿರದ ಶ್ರೀಪೆರಂಬುದೂರಿನ ರೇಸ್ ಟ್ರ್ಯಾಕಿಗೆ 300 ಕಿ.ಮೀ. ಓಡಿಸಿಕೊಂಡೂ ಹೋಗುತ್ತೇನೆ. ಟ್ರೈಲರ್ ಮೇಲೆ ಹೊತ್ತುಕೊಂಡು ಹೋಗುವ ಶೋಕಿ ನನಗಿಲ್ಲ, ದುಡ್ಡೂ ಇಲ್ಲ. ತಲೆನೋವು ಶುರುವಾಗುವುದೇ ಅಲ್ಲಿ.

ಹಿಂದಿನ ಚಕ್ರ ತಳ್ಳುವ ಗಾಡಿಯಲ್ಲಿ ಓಟಕ್ಕೆ ಮುಂದಿನ ಟೈರಿಂದ ದೊಡ್ಡ ಉಪಯೋಗ ಇಲ್ಲ. ಕ್ಲಚ್ ಬಿಟ್ಟ ಕೂಡಲೇ ಮೂಗು ಮೇಲೇಳುತ್ತೆ, ಭಾರ ಹಿಂದಕ್ಕೆ ಹೋಗುತ್ತೆ, ಮುಂದಿನವು ಸುಮ್ನೆ ಉರುಳುತ್ತಿರುತ್ತವೆ. ಅವು ಹಗುರ ಇದ್ದಷ್ಟೂ, ಸಣ್ಣ ಇದ್ದಷ್ಟೂ ಒಳ್ಳೆಯದು. ತಿರುಗಿಸೋಕೆ ಶಕ್ತಿ ಕಡಿಮೆ ಬೇಕು, ಗಾಳಿಯ ಅಡ್ಡಿಯೂ ಕಡಿಮೆ. ಅಮೆರಿಕದ ಡ್ರ್ಯಾಗ್ ಗಾಡಿಗಳಿಗೆ ಮುಂದೆ ತೆಳ್ಳಗಿನ ಚಕ್ರ ಇರುವುದು ಅದಕ್ಕೇ. ಸರಿ, ನಾನೂ ಮುಂದೆ ನಾಲ್ಕೂವರೆ ಇಂಚು ಅಗಲದ, 13 ಇಂಚಿನ ಕಬ್ಬಿಣದ ರಿಮ್ ಹಾಕಿದೆ. ಅದರ ಮೇಲೆ ಯಾವ ಟೈರು? ಒಂದೂವರೆ ವರ್ಷದಲ್ಲಿ ಐದು ಥರದ್ದನ್ನು ಹಾಕಿ ನೋಡಿದೆ: ಸ್ಟೆಪ್ನಿಯ ಸಣ್ಣ ಟೈರು, 145, 155 (ಇವು ಮಿಲಿಮೀಟರಿನಲ್ಲಿ ಟೈರಿನ ಅಗಲ), ಟೆಂಪೋಗೆ ಹಾಕುವ ಎಲ್‌ಟಿ ಟೈರು, ಡ್ರ್ಯಾಗ್ ಗಾಡಿಯ ಮುಂದೆ ಹಾಕಲೆಂದೇ ಮಾಡಿದ ಅಮೆರಿಕದ ಫ್ರಂಟ್ ರನ್ನರ್.

ಟೈರಿಗಿಂತ ಮೊದಲು ರಿಮ್ ಬಗ್ಗೆ ಎರಡು ಮಾತು. ಕಡಿಮೆ ಖರ್ಚಲ್ಲಿ ಆಗುತ್ತೆ ಅಂತ ಮೊದಲು ಒಂದು ಕಡೆ ಹಳೇ ರಿಮ್ಮನ್ನೇ ಕತ್ತರಿಸಿ, ಒಳಗಿನ ಭಾಗ ಕಡಿಮೆ ಮಾಡಿ, ಮತ್ತೆ ವೆಲ್ಡ್ ಮಾಡಿಸಿದೆ. ಬಣ್ಣ ಹೊಡೆದು ಕೊಟ್ಟಾಗ ಬಹಳ ಚೆನ್ನಾಗಿ ಕಂಡಿತು. ಬ್ಯಾಲೆನ್ಸಿಂಗ್ ಮಷೀನಿಗೆ ಹಾಕಿ ತಿರುಗಿಸಿದರೆ ಅಂಚು ಕಣ್ಣಿಗೇ ಕಾಣುವಷ್ಟು ಓಲಾಡುತ್ತಿತ್ತು. ಒಂದರಲ್ಲಿ ವೆಲ್ಡಿಂಗ್ ಸಂದಿಯಿಂದ ಗಾಳಿ ಬೇರೆ ಸೋರುತ್ತಿತ್ತು. ಸೋಪಿನ ನೀರು ಹಚ್ಚಿದಾಗ ಸಾಸಿವೆ ಕಾಳಿನಂಥ ಗುಳ್ಳೆಗಳು ಸಾಲಾಗಿ ಎದ್ದವು. ಎರಡನ್ನೂ ಅವತ್ತೇ ಗುಜರಿಗೆ ಕೊಟ್ಟೆ. ಆಮೇಲೆ ಜೆ.ಸಿ. ರೋಡಲ್ಲಿ ಮೂರು ಶನಿವಾರ ಅಲೆದು, ಕತ್ತರಿಸದ, ಕಂಪನಿಯಿಂದಲೇ ನಾಲ್ಕೂವರೆ ಇಂಚಿನದ್ದಾಗಿ ಬಂದ ಜೋಡಿ ತಂದೆ. ನೀವೂ ಹುಡುಕುತ್ತಿದ್ದರೆ ರಿಮ್ಮಿನ ಒಳಬದಿ ಬೆರಳಾಡಿಸಿ ನೋಡಿ. ಟೈರಿನ ಬೀಡ್, ಅಂದರೆ ರಿಮ್ಮನ್ನು ಕಚ್ಚುವ ಅಂಚು, ಕೂರುವ ಜಾಗದ ಪಕ್ಕದಲ್ಲಿ ಸುತ್ತಲೂ ಒಂದು ಸಣ್ಣ ಉಬ್ಬು ಸಿಗಬೇಕು. ಗಾಳಿ ಕಡಿಮೆಯಾದಾಗ ಬೀಡ್ ಒಳಕ್ಕೆ ಜಾರದಂತೆ ತಡೆಯುವುದು ಅದೇ. ತುಂಬ ಹಳೇ ರಿಮ್‌ಗಳಲ್ಲಿ ಅದು ಇರುವುದಿಲ್ಲ. ಉಬ್ಬು ಇಲ್ಲದ ರಿಮ್ಮಿಗೆ ಟ್ಯೂಬ್‌ಲೆಸ್ ಹಾಕಬೇಡಿ.

ಇನ್ನೊಂದು ಲೆಕ್ಕವನ್ನೂ ಮೊದಲೇ ಮಾಡಿಕೊಂಡೆ. ಹೊಸಕೋಟೆ ಕಡೆ ಒಂದು ವೇ ಬ್ರಿಡ್ಜಿನ ಮೇಲೆ ಮುಂದಿನ ಎರಡು ಚಕ್ರ ಮಾತ್ರ ಹತ್ತಿಸಿ ತೂಗಿಸಿದೆ. ನಾನು ಒಳಗೆ ಕೂತಾಗ 630 ಕೆಜಿ ಬಂತು. ಒಂದೊಂದು ಚಕ್ರಕ್ಕೆ 315. ಜೋರಾಗಿ ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಬಾಗುತ್ತೆ. ಕಾಂಟೆಸ್ಸಾದಷ್ಟು ಉದ್ದದ ಗಾಡಿಯಲ್ಲಿ ಒಂದೊಂದು ಚಕ್ರದ ಮೇಲೆ ಇನ್ನೂ ಸುಮಾರು 100 ಕೆಜಿ ಬೀಳುತ್ತೆ. ಅಲ್ಲಿಗೆ 415. ಈ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಲ್ಲಿಟ್ಟುಕೊಂಡೆ. ಟೈರಿನ ಪಕ್ಕದಲ್ಲಿ ಅಳತೆಯ ಮುಂದೆ 75ಟಿ, 79ಟಿ ಅಂತ ಬರೆದಿರುತ್ತಲ್ಲ, ಅದರಲ್ಲಿ ಸಂಖ್ಯೆ ಭಾರಕ್ಕೆ, ಅಕ್ಷರ ವೇಗಕ್ಕೆ. 75 ಅಂದರೆ 387 ಕೆಜಿ, 79 ಅಂದರೆ 437. ಎಸ್ ಅಂದರೆ 180 ಕಿ.ಮೀ., ಟಿ ಅಂದರೆ 190, ಎಚ್ ಅಂದರೆ 210. ಬ್ರೇಕ್ ಹಾಕಿದ ಆ ಎರಡು ಸೆಕೆಂಡು ಭಾರ ಮೀರಿತು ಅಂತ ಟೈರು ಸಿಡಿಯುವುದಿಲ್ಲ, ನಿಜ. ಆ ಸಂಖ್ಯೆ ಇರುವುದು ಸದಾ ಹೊರುವ ಭಾರಕ್ಕೆ. ಆದರೆ ನಮ್ಮ ಊರಲ್ಲಿ ಬ್ರೇಕ್ ಹಾಕಿದ ಜಾಗದಲ್ಲೇ ಗುಂಡಿ ಇರುತ್ತೆ. ಸ್ವಲ್ಪ ಕೈ ಮುಂದೆ ಇಟ್ಟುಕೊಂಡಿರೋದು ವಾಸಿ ಅನ್ನಿಸಿತು.

ಮೊದಲು ಹಾಕಿದ್ದು ಸ್ಟೆಪ್ನಿ. ಈಗಿನ ಕಾರುಗಳಲ್ಲಿ ಡಿಕ್ಕಿಯೊಳಗೆ ಕೊಡ್ತಾರಲ್ಲ, ಬಡಕಲು ಸ್ಟೆಪ್ನಿ, ಅದೇ. ಅಮೆರಿಕದಲ್ಲೂ ಬಹಳ ಜನ ಡ್ರ್ಯಾಗ್ ಗಾಡಿಗೆ ಅದನ್ನೇ ಮುಂದೆ ಸಿಕ್ಕಿಸುತ್ತಾರೆ. ಬೆಲೆ ಕಡಿಮೆ, ನೋಡೋಕೂ ಅಸಲಿ ಡ್ರ್ಯಾಗ್ ಗಾಡಿಯಂತೆಯೇ. ನಾನೂ ಶಿವಾಜಿನಗರದ ಗುಜರಿಯಲ್ಲಿ ಒಂದು ಜೋಡಿ ಹಿಡಿದೆ, ಅಡಾಪ್ಟರ್ ಪ್ಲೇಟ್ ಹಾಕಿ ಕೂರಿಸಿದೆ. ಅದರ ಮೇಲೇ ದೊಡ್ಡದಾಗಿ ಬರೆದಿದೆ: ತಾತ್ಕಾಲಿಕ ಬಳಕೆಗೆ ಮಾತ್ರ, 80 ಕಿ.ಮೀ. ಮೀರಬೇಡಿ, ಗಾಳಿ 60 ಪಿಎಸ್‌ಐ. ಕಾರಿನ ಮಾಮೂಲಿ ಟೈರಿಗೆ ಹಾಕಿಸುವುದರ ಎರಡರಷ್ಟು. ಪೆಟ್ರೋಲ್ ಬಂಕಿನ ಹುಡುಗ "60ಆ ಸಾರ್? ಲಾರಿನಾ?" ಅಂತ ನಕ್ಕ.

ಯಶವಂತಪುರದಿಂದ ಮನೆಗೆ ಬರುವಷ್ಟರಲ್ಲೇ ಸಾಕಾಯಿತು. ಪ್ರತಿ ಹಂಪ್ಸಿನ ಏಟು ಸ್ಟಿಯರಿಂಗ್ ಮೂಲಕ ಭುಜಕ್ಕೆ ಬರುತ್ತಿತ್ತು. ಒಂದು ಸಿಗ್ನಲ್ಲಿನಲ್ಲಿ ಸಾಧಾರಣವಾಗಿ ಬ್ರೇಕ್ ಒತ್ತಿದೆ. ಬಲಗಡೆ ಚಕ್ರ ಲಾಕ್ ಆಗಿ ಕಿರ್ ಅಂತ ಅರ್ಧ ಗಾಡಿಯಷ್ಟು ಜಾರಿತು. ಕಾಂಟೆಸ್ಸಾದಲ್ಲಿ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಎಲ್ಲಿಂದ ಬರಬೇಕು? ಮನೆಗೆ ಬಂದು ನೋಡಿದರೆ ಟೈರಿನ ಮೇಲೆ ರೂಪಾಯಿ ಅಗಲಕ್ಕೆ ಸವೆದ ಚಪ್ಪಟೆ ಗುರುತು. ಈ ಟೈರುಗಳಿಗೆ ಹೊಸದರಲ್ಲೇ ರಬ್ಬರ್ ದಪ್ಪ ಕಡಿಮೆ. ಪಂಕ್ಚರ್ ಆದಾಗ ಅಂಗಡಿ ತನಕ ಹೋಗೋಕೆ ಮಾಡಿರುವ ವಸ್ತು ಅದು. 135ರಲ್ಲಿ ಓಡಿಸುವ ಗಾಡಿಗೆ 80 ಅಂತ ಬರೆದಿರುವುದನ್ನು ಹಾಕುವುದು ತಪ್ಪು ಅಂತ ಗೊತ್ತಿದ್ದೂ ಹಾಕಿದ್ದೆ. ಬೆಳಿಗ್ಗೆಯೇ ಬಿಚ್ಚಿದೆ. ಅದನ್ನು ಬೇರೆಯವುಗಳ ಸಾಲಿನಲ್ಲಿಟ್ಟು ಅಳೆಯುವ ಗೋಜಿಗೂ ಹೋಗಲಿಲ್ಲ.

ಇನ್ನುಳಿದ ನಾಲ್ಕನ್ನು ಮಾತ್ರ ಅಳೆದು ನೋಡಿದೆ. ಪರಿಚಯದವರೊಬ್ಬರ ಗೋದಾಮಿನ ಮುಂದೆ ಉದ್ದದ ಕಾಂಕ್ರೀಟ್ ಅಂಗಳ ಇದೆ. ಭಾನುವಾರ ಅಲ್ಲಿ ನರಪಿಳ್ಳೆ ಇರುವುದಿಲ್ಲ. ರಸ್ತೆಯಲ್ಲಿ ಇಂಥದ್ದೆಲ್ಲ ಮಾಡಬಾರದು. ಸಾರ್ವಜನಿಕ ಜಾಗದಲ್ಲಿ ರೇಸು, ವೇಗದ ಪರೀಕ್ಷೆ ಎರಡೂ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಅಪರಾಧ. ಕಾಯ್ದೆ ಹಾಗಿರಲಿ, ಬೆಳಗಿನ ಜಾವ ಖಾಲಿ ಇದೆ ಅಂದುಕೊಂಡ ರಸ್ತೆಯಲ್ಲೇ ಹಾಲಿನ ಗಾಡಿ ಅಡ್ಡ ಬರೋದು. ಅಂಗಳದಲ್ಲಿ ಸೀಮೆಸುಣ್ಣದ ಗೆರೆ ಎಳೆದು, ಗೆರೆ ಹತ್ತಿರ 60ರಲ್ಲಿ ಬಂದು, ಚಕ್ರ ಲಾಕ್ ಆಗದಂತೆ ಎಷ್ಟು ಒತ್ತಬಹುದೋ ಅಷ್ಟು ಒತ್ತಿ ನಿಲ್ಲಿಸುವುದು. ಆಮೇಲೆ ಇಳಿದು ಹೆಜ್ಜೆ ಎಣಿಸುವುದು. ನನ್ನ ಒಂದು ಹೆಜ್ಜೆ ಹೆಚ್ಚುಕಡಿಮೆ ಮುಕ್ಕಾಲು ಮೀಟರ್. ಲ್ಯಾಬಿನ ಲೆಕ್ಕ ಅಲ್ಲ ಇದು. ಒಂದೇ ಗಾಡಿ, ಒಂದೇ ಅಂಗಳ, ಒಂದೇ ಕಾಲು, ಅಷ್ಟೇ. ಮೊದಲಿದ್ದ 185 ಅಗಲದ ಟೈರಲ್ಲಿ 24 ಹೆಜ್ಜೆಗೆ ನಿಂತಿತ್ತು. ಅದೇ ನನ್ನ ಅಳತೆಗೋಲು.

145/80 ಆರ್ 13 ಹಳೇ ವ್ಯಾಗನ್ ಆರ್ ಅಳತೆ. ನಾಲ್ಕೂವರೆ ಇಂಚಿನ ರಿಮ್ಮಿಗೆ ಸಲೀಸಾಗಿ ಕೂರುತ್ತೆ. ಈ ಅಳತೆಗೆ ಮೂರೂವರೆಯಿಂದ ಐದು ಇಂಚಿನ ತನಕ ರಿಮ್ ನಡೆಯುತ್ತೆ. ಹಗುರ ಅಂದರೆ ಹಗುರ. ಗಲ್ಲಿಯ ಹಳೇ ಪೇಪರ್ ಅಂಗಡಿಯ ತೂಕದ ಯಂತ್ರದಲ್ಲಿಟ್ಟಾಗ ರಿಮ್ ಸೇರಿ ಹನ್ನೊಂದೂವರೆ ಕೆಜಿ. ಮೊದಲಿದ್ದ ಅಗಲದ ಚಕ್ರಕ್ಕಿಂತ ಒಂದೊಂದಕ್ಕೆ ನಾಲ್ಕು ಕೆಜಿ ಕಡಿಮೆ. ಪವರ್ ಸ್ಟಿಯರಿಂಗ್ ಇಲ್ಲದ ಗಾಡಿಯಲ್ಲಿ ಇದರ ಸುಖ ಪಾರ್ಕಿಂಗ್ ಮಾಡುವಾಗ ಗೊತ್ತಾಗುತ್ತೆ. ಮಲ್ಲೇಶ್ವರದ ಕ್ರಾಸುಗಳಲ್ಲಿ ಎರಡು ಆಕ್ಟಿವಾಗಳ ನಡುವೆ ಗಾಡಿ ತೂರಿಸೋಕೆ ಮೊದಲು ಎರಡೂ ಕೈ, ಹೊಟ್ಟೆ, ಹಲ್ಲು ಎಲ್ಲ ಬೇಕಿತ್ತು. ಈಗ ಒಂದು ಕೈ ಸಾಕು.

ಆದರೆ ಚೀಟಿಯಲ್ಲಿದ್ದ 415 ನೆನಪಿದೆಯಲ್ಲ? ಈ ಟೈರಿನ ಸಂಖ್ಯೆ 75, ಅಂದರೆ 387. ನಿಂತಾಗ ಸಾಲುತ್ತೆ, ಬ್ರೇಕ್ ಹಾಕಿದಾಗ ಸಾಲದು. ಅಂಗಳದಲ್ಲಿ 28 ಹೆಜ್ಜೆ ಹೋಯಿತು. ನಾಲ್ಕು ಹೆಜ್ಜೆ ಅಂದರೆ ಮೂರು ಮೀಟರ್. ಒಂದು ಆಟೋದ ಉದ್ದಕ್ಕಿಂತ ಜಾಸ್ತಿ. ತಿರುವಿನಲ್ಲಿ ಬೇರೆ ಥರದ ಕಾಟ. ಹಿಂದಿನ ಚಕ್ರದ 205 ಅಗಲದ ಟೈರು ಹಿಡಿದುಕೊಂಡಿರುತ್ತೆ, ಮುಂದೆ 145 ಬಿಟ್ಟುಬಿಡುತ್ತೆ, ಸ್ಟಿಯರಿಂಗ್ ತಿರುಗಿಸಿದರೂ ಗಾಡಿ ನೇರಕ್ಕೇ ಹೋಗಲು ನೋಡುತ್ತೆ. ಹಿಂದಿನದು ಮೊದಲು ಜಾರಿ ಗಾಡಿ ಗಿರ್ರನೆ ತಿರುಗುವುದಕ್ಕಿಂತ ಇದು ವಾಸಿ. ಆಕ್ಸಿಲರೇಟರ್ ಬಿಟ್ಟರೆ ಸರಿಹೋಗುತ್ತೆ. ಆದರೂ ಮೇಖ್ರಿ ಸರ್ಕಲ್ಲಿನಲ್ಲಿ ಮೊದಲ ಸಲ ಹಾಗಾದಾಗ ಬೆನ್ನು ಬೆವೆತಿತ್ತು.

ಖರೀದಿಯ ಕಥೆಯೂ ಇದೆ. ಈ ಅಳತೆ ಈಗ ಹೆಚ್ಚು ಓಡುವುದಿಲ್ಲ. ಒಂದು ಅಂಗಡಿಯವರು "ಹೊಸಾ ಮಾಲು ಸಾರ್" ಅಂತ ಕೊಟ್ಟರು. ರಬ್ಬರ್ ಮೀಸೆಗಳೂ ಹಾಗೇ ಇದ್ದವು. ಪಕ್ಕದಲ್ಲಿ ಉದ್ದನೆಯ ಗೋಲದೊಳಗೆ ನಾಲ್ಕು ಅಂಕಿ ಇರುತ್ತೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ಓದಿದರೆ ಆರು ವರ್ಷ ಹಳೆಯದು. ಅದನ್ನು ಅಲ್ಲೇ ಬಿಟ್ಟು ಬೇರೆ ಕಡೆ ತಗೊಂಡೆ. ಆ ಅಂಕಿ ಟೈರಿನ ಒಂದೇ ಬದಿಯಲ್ಲಿ ಇರಬಹುದು. ಗಾಡಿಗೆ ಹಾಕಿದ ಮೇಲೆ ಒಳಬದಿಗೆ ಹೋಗಿಬಿಟ್ಟರೆ ಕೆಳಗೆ ಮಲಗಿ ಓದಬೇಕು. ಹಾಕಿಸುವ ಮೊದಲೇ ನೋಡಿ.

ಮೂರನೆಯದು 155 ಆರ್ 13 ಎಲ್‌ಟಿ. ಈಕೋ, ಸಣ್ಣ ಗೂಡ್ಸ್ ಗಾಡಿಗಳಿಗೆ ಹಾಕುವ ಟೈರು. "ಇದಾದ್ರೆ ನಿಮ್ಮ ಜನ್ಮದಲ್ಲಿ ಸಿಡಿಯಲ್ಲ ಸಾರ್" ಅಂತ ಪಂಕ್ಚರ್ ಅಂಗಡಿಯ ಅಣ್ಣ ಹೇಳಿದ. ಅವನು ಹೇಳಿದ್ದು ಸುಳ್ಳಲ್ಲ. ಪಕ್ಕದ ಗೋಡೆ ಗಟ್ಟಿ, ಭಾರ ಹೊರುವ ಶಕ್ತಿ ನನ್ನ ಚೀಟಿಗಿಂತ ಬಹಳ ಮೇಲೆ. ಆದರೆ ಅದು ಸಾಮಾನು ತುಂಬಿದ ಗಾಡಿಗೆ, ಜಾಸ್ತಿ ಗಾಳಿಗೆ ಅಂತ ಮಾಡಿದ್ದು. ಖಾಲಿ ಮೂಗಿನ ಕೆಳಗೆ ಅದು ಬಗ್ಗುವುದೇ ಇಲ್ಲ, ನೆಲವನ್ನು ಸರಿಯಾಗಿ ಕಚ್ಚುವುದೂ ಇಲ್ಲ. ಇಷ್ಟು ಗಟ್ಟಿ ಟೈರು ಹಾಕಿದರೂ 29 ಹೆಜ್ಜೆ. 145ಕ್ಕಿಂತ ಕೆಟ್ಟದ್ದು! ತೂಕವೂ ಜಾಸ್ತಿ. ಮೇಲಾಗಿ ಇಂಥ ಟೈರುಗಳ ವೇಗದ ಅಕ್ಷರ ಕಾರಿನ ಟೈರಿಗಿಂತ ಕೆಳಗಿನದಾಗಿರುತ್ತೆ. ಗಟ್ಟಿ ಅಂದರೆ ಸುರಕ್ಷಿತ ಅಂತ ನಾನೂ ನಂಬಿದ್ದೆ. ಎರಡು ವಾರದಲ್ಲಿ ಬಿಚ್ಚಿ ಅದೇ ಅಣ್ಣನಿಗೆ ಕೊಟ್ಟೆ. ಅವನ ಬಾವಮೈದುನನ ಗೂಡ್ಸ್ ಗಾಡಿಗೆ ಹೋಯಿತು, ಅಲ್ಲಿ ಚೆನ್ನಾಗಿ ಓಡ್ತಿದೆಯಂತೆ.

ನಾಲ್ಕನೆಯದಕ್ಕೆ ನಾನು ಬಹಳ ಆಸೆಪಟ್ಟಿದ್ದೆ. ಮೈಸೂರಿನ ಗೆಳೆಯನ ಹತ್ತಿರವೂ ಕಾಂಟೆಸ್ಸಾ ಇದೆ. ಅವನು ಅಮೆರಿಕದಿಂದ ಫ್ರಂಟ್ ರನ್ನರ್ ತರಿಸಿದ್ದಾನೆ. 15 ಇಂಚಿನ ತೆಳ್ಳಗಿನ ರಿಮ್, ಟೈರಿನ ಎತ್ತರ 26 ಇಂಚು. ಮಿಕಿ ಥಾಂಪ್ಸನ್, ಹೂಸಿಯರ್ ಥರದ ಕಂಪನಿಗಳು ಇಂಥವನ್ನು ಮಾಡುತ್ತವೆ. ಇದರಲ್ಲಿ ಎರಡು ಜಾತಿ ಇದೆ, ಇದನ್ನು ಗಮನದಲ್ಲಿಟ್ಟುಕೊಳ್ಳಬೇಕು. ಒಂದು ಬರೀ ಟ್ರ್ಯಾಕಿಗೆ. ಅದರ ಮೇಲೆ ಎರಡೋ ಮೂರೋ ಗೀರು ಬಿಟ್ಟರೆ ನುಣುಪು, ಗೋಡೆ ಕಾಗದದಷ್ಟು ತೆಳು. ಇನ್ನೊಂದು ಅಮೆರಿಕದ ರಸ್ತೆಗೆ ಒಪ್ಪಿಗೆ ಇರುವಂಥದ್ದು, ಡಾಟ್ ಗುರುತಿನದು. ದೂರದಿಂದ ಎರಡೂ ಒಂದೇ ಥರ ಕಾಣುತ್ತವೆ. ಗೆಳೆಯನದ್ದು ಎರಡನೆಯದು. ಆದರೆ ಡಾಟ್ ಗುರುತು ನಮ್ಮ ಒಪ್ಪಿಗೆ ಅಲ್ಲ. ಇಲ್ಲಿ ಕಾರಿನ ಟೈರಿಗೆ ಐಎಸ್‌ಐ ಗುರುತು ಕಡ್ಡಾಯ. ಅದು ಇದರ ಮೇಲಿಲ್ಲ. ನಾಳೆ ಏನಾದರೂ ಆದರೆ ಇನ್ಶೂರೆನ್ಸಿನವರು ಮೊದಲು ಬಗ್ಗಿ ನೋಡುವುದೇ ಚಕ್ರವನ್ನು. ಆದ್ದರಿಂದ ಟ್ರ್ಯಾಕಿನಲ್ಲಿ ಮತ್ತು ಆ ಅಂಗಳದಲ್ಲಿ ಮಾತ್ರ ಹಾಕಿದೆ.

ನೋಟಕ್ಕೆ ಮಾತೇ ಇಲ್ಲ. ಗಾಡಿಯ ಮೂಗು ಮೇಲೆದ್ದು, ಹುಂಜ ಕೂಗೋಕೆ ನಿಂತ ಹಾಗೆ ಕಾಣುತ್ತಿತ್ತು. ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ ಮಡ್‌ಗಾರ್ಡಿನ ಅಂಚಿಗೆ ಸ್ವಲ್ಪ ತಾಗುತ್ತಿತ್ತು. ಒಣ ನೆಲದಲ್ಲಿ 27 ಹೆಜ್ಜೆ. ಪರವಾಗಿಲ್ಲ ಅನ್ನಿಸಿತು. ಆಮೇಲೆ ಗೋದಾಮಿನ ಪೈಪ್ ಬಿಟ್ಟು ನೆಲ ಒದ್ದೆ ಮಾಡಿದೆವು. 41 ಹೆಜ್ಜೆ! ಗೆಳೆಯ ನಂಬಲಿಲ್ಲ. ತಾನೇ ಓಡಿಸಿದ. ಅವನಿಗೂ 40 ದಾಟಿತು. ಇದು ಈಗಿನ ಕಾರುಗಳಲ್ಲಿರುವ ರೇಡಿಯಲ್ ಅಲ್ಲ, ಒಳಗಿನ ದಾರದ ಪದರಗಳು ಓರೆಯಾಗಿ ಒಂದಕ್ಕೊಂದು ಅಡ್ಡ ಹಾಯುವ ಹಳೇ ಕಾಲದ ಕ್ರಾಸ್ ಪ್ಲೈ ಟೈರು. ಗೆರೆ, ಸಂದಿ ಸಿಕ್ಕ ಕಡೆಗೆಲ್ಲ ಎಳೆಯುತ್ತೆ. ಬರೀ ಅಂಗಳದ ಕಾಂಕ್ರೀಟ್ ಹಲಗೆಗಳ ನಡುವಿನ ಸಂದಿಗೇ ಸ್ಟಿಯರಿಂಗ್ ಕೈಯಲ್ಲಿ ಆಡುತ್ತಿತ್ತು. ನಮ್ಮ ವೈಟ್ ಟಾಪಿಂಗ್ (ಕಾಂಕ್ರೀಟ್ ಹಾಸಿದ) ರಸ್ತೆಗಳಲ್ಲಿ ಉದ್ದಕ್ಕೂ ಅಂಥದ್ದೇ ಸಂದಿ ಇದೆಯಲ್ಲ, ಅಲ್ಲಿ ಏನಾಗಬಹುದು ಅಂತ ಯೋಚಿಸಿ ಸುಮ್ಮನಾದೆ. ಒಂದು ವೇಳೆ ಕ್ರಾಸ್ ಪ್ಲೈ ಹಾಕಲೇಬೇಕು ಅಂದರೆ ಅದು ಮುಂದೆ, ರೇಡಿಯಲ್ ಹಿಂದೆ ಇರಬೇಕು. ತಿರುಗಾಮುರುಗಾ ಹಾಕಿದರೆ ಹಿಂಬದಿ ಜಾರಿ ಗಾಡಿ ಗಿರ್ರನೆ ತಿರುಗಿಬಿಡಬಹುದು. ಒಂದೇ ಆಕ್ಸಲ್ಲಿನಲ್ಲಿ ಒಂದು ಅದು, ಒಂದು ಇದು ಅಂತೂ ಬೇಡವೇ ಬೇಡ.

ಇನ್ನು 155/80 ಆರ್ 13. ಇದರ ಬಗ್ಗೆ ಹೇಳೋಕೆ ರೋಚಕ ಏನೂ ಇಲ್ಲ, ಅದೇ ಅದರ ಗುಣ. ಹಳೇ ಸೆಲೆರಿಯೋಗೆ ಬರುತ್ತಿದ್ದ ಅಳತೆ. ಎಂಆರ್‌ಎಫ್, ಅಪೋಲೋ, ಜೆಕೆ, ಸಿಯೆಟ್ ಎಲ್ಲರೂ ಮಾಡಿದ್ದಾರೆ. ಯಾವ ಅಂಗಡಿಗೆ ಹೋದರೂ ಸಿಗುತ್ತೆ, ಓಡುವ ಮಾಲಾದ್ದರಿಂದ ಹೊಸ ತಾರೀಖಿನದೇ ಸಿಗುತ್ತೆ. ನಾಲ್ಕರಿಂದ ಐದೂವರೆ ಇಂಚಿನ ರಿಮ್ಮಿಗೆ ನಡೆಯುತ್ತೆ. ನನ್ನ ನಾಲ್ಕೂವರೆಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಭಾರದ ಸಂಖ್ಯೆ 79, ಅಂದರೆ 437 ಕೆಜಿ. ಚೀಟಿಯ 415 ದಾಟಿತು. 145ಕ್ಕಿಂತ ಮುಕ್ಕಾಲು ಕೆಜಿ ಭಾರ. ಒಣ ನೆಲದಲ್ಲಿ 25 ಹೆಜ್ಜೆ, ಒದ್ದೆಯಲ್ಲಿ 32. ಹತ್ತು ಮಿಲಿಮೀಟರ್ ಅಗಲಕ್ಕೆ ಇಷ್ಟು ವ್ಯತ್ಯಾಸವಾ ಅಂತ ನನಗೇ ಅನುಮಾನ ಬಂದು 145 ಮತ್ತೆ ಹಾಕಿ ನೋಡಿದೆ. ಮತ್ತೆ 28. ಅಗಲ ಒಂದೇ ಕಾರಣ ಇರಲಾರದು, ರಬ್ಬರ್ ಬೇರೆ, ಗೀರು ಬೇರೆ. ಏನೇ ಇರಲಿ, ನನ್ನ ಗಾಡಿ ನಿಂತದ್ದು ಹಾಗೆ.

ಗುಂಡಿಗಳಿಗೂ ಇದು ಚೆನ್ನ. ರಿಮ್ಮಿಂದ ನೆಲಕ್ಕೆ 124 ಮಿಲಿಮೀಟರ್ ರಬ್ಬರ್ ಗೋಡೆ ಇದೆ. ಗೊರಗುಂಟೆಪಾಳ್ಯದ ಕಡೆಯ ಸರ್ವಿಸ್ ರೋಡಲ್ಲಿ ಮಳೆನೀರಿನ ಕೆಳಗಿದ್ದ ಒಂದು ಗುಂಡಿಗೆ ಎಡಚಕ್ರ ದಡ್ ಅಂತ ಇಳಿಯಿತು. ರಿಮ್ ಹೋಯಿತು ಅಂದುಕೊಂಡೆ. ಇಳಿದು ಟಾರ್ಚ್ ಹಾಕಿ ನೋಡಿದರೆ ಏನೂ ಆಗಿರಲಿಲ್ಲ. ಇದೇ ಗುಂಡಿಗೆ ಹಿಂಬದಿಯ ಅಲಾಯ್ ರಿಮ್ ಬಿದ್ದು ಅಂಚು ಸೊಟ್ಟಗಾಯಿತು, ಅದು ಬೇರೆ ಲೆಕ್ಕ. ರಸ್ತೆಯಲ್ಲಿ ನೀರು ನಿಂತಾಗ ತೆಳ್ಳಗಿನ ಟೈರಿಗೆ ಇನ್ನೊಂದು ಅನುಕೂಲ. ಅಗಲದ ಟೈರು ನೀರಿನ ಮೇಲೆ ತೇಲೋಕೆ ನೋಡಿದರೆ ಇದು ಸೀಳಿಕೊಂಡು ನೆಲ ಮುಟ್ಟುತ್ತೆ. ಆದರೆ ಗಾಳಿ ಸರಿ ಇರಬೇಕು, ಗೀರು ಆಳ ಇರಬೇಕು. ಕಾನೂನಿನ ಪ್ರಕಾರ ಕಾರಿಗೆ 1.6 ಮಿಲಿಮೀಟರ್ ತನಕ ಓಡಿಸಬಹುದು. ಅಕ್ಟೋಬರ್ ಮಳೆಯಲ್ಲಿ 1.6ರ ಟೈರು ಹಾಕಿಕೊಂಡು ನಾನಂತೂ ಹೆಬ್ಬಾಳ ಫ್ಲೈಓವರ್ ಹತ್ತಲ್ಲ. ಮೂರಕ್ಕೆ ಬಂದಾಗಲೇ ಬದಲಾಯಿಸುತ್ತೇನೆ.

ಗಾಳಿ ವಿಷಯದಲ್ಲಿ ಒಂದು ಮಜಾ ಇದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಇಲ್ಲಿ ಬೆಳಿಗ್ಗೆ ತಂಪಲ್ಲಿ 30 ಪಿಎಸ್‌ಐ ಹಾಕಿಸಿಕೊಂಡು ಶ್ರೀಪೆರಂಬುದೂರಿಗೆ ಇಳಿದರೆ ಹೊರಗಿನ ಗಾಳಿಯ ಒತ್ತಡ ಜಾಸ್ತಿಯಾಗಿ ಮೀಟರಿನಲ್ಲಿ ಒಂದೂವರೆಯಷ್ಟು ಕಡಿಮೆ ತೋರಿಸಬೇಕು. ಆದರೆ ಅಲ್ಲಿನ ಬಿಸಿಲಿಗೆ ಎರಡರಷ್ಟು ಏರುತ್ತೆ. ಅಲ್ಲಿಂದಲ್ಲಿಗೆ ಸರಿಹೋಗುತ್ತೆ. ಓಡಿಸಿಕೊಂಡು ಬಂದ ಬಿಸಿ ಟೈರನ್ನು ಅಳೆದು, ಜಾಸ್ತಿ ಇದೆ ಅಂತ ಗಾಳಿ ಬಿಡುವ ತಪ್ಪನ್ನು ನಾನು ಒಂದು ಸಲ ಮಾಡಿದ್ದೇನೆ. ಮಾರನೆಯ ಬೆಳಿಗ್ಗೆ ನೋಡಿದರೆ 25. ಟ್ರ್ಯಾಕ್ ತಲುಪಿದ ಮೇಲೆ ಎರಡು ಗಂಟೆ ನೆರಳಲ್ಲಿ ನಿಲ್ಲಿಸಿ, ತಣ್ಣಗಾದ ಮೇಲೆ ಅಳೆಯಿರಿ. ಮುಂದಿನದಕ್ಕೆ ಟ್ರ್ಯಾಕಲ್ಲಿ 40 ಹಾಕುವವರನ್ನೂ ನೋಡಿದ್ದೇನೆ. ಚೆನ್ನಾಗಿ ಉರುಳುತ್ತೆ, ನಿಜ. ಕೊನೆಯಲ್ಲಿ ನಿಲ್ಲಿಸಬೇಕಲ್ಲ?

ಇಷ್ಟೆಲ್ಲ ಮಾಡಿ ಸಮಯದಲ್ಲಿ ಎಷ್ಟು ಉಳಿಯಿತು ಅಂತ ಕೇಳ್ತೀರಿ. ಒಂದೇ ದಿನ ಶ್ರೀಪೆರಂಬುದೂರಲ್ಲಿ 185, 155, 145, ಗೆಳೆಯನ ಫ್ರಂಟ್ ರನ್ನರ್, ನಾಲ್ಕನ್ನೂ ಹಾಕಿ ಓಡಿಸಿದೆ. ಪಿಟ್‌ನಲ್ಲಿ ಜ್ಯಾಕ್ ಎತ್ತಿ ಇಳಿಸಿ ಸೊಂಟ ಬಿದ್ದುಹೋಯಿತು. ಅಗಲದ 185ಕ್ಕೂ ಸಣ್ಣ 145ಕ್ಕೂ ನಡುವೆ ಸೆಕೆಂಡಿನ ಹತ್ತನೇ ಒಂದು ಭಾಗವೂ ಸಿಗಲಿಲ್ಲ. 145ಕ್ಕೂ 155ಕ್ಕೂ ನಡುವಿನ ವ್ಯತ್ಯಾಸ ನನ್ನ ಕ್ಲಚ್ ಕಾಲಿನ ತಪ್ಪುಗಳಲ್ಲಿ ಮುಚ್ಚಿಹೋಯಿತು. ಎರಡರಿಂದ ಮೂರನೇ ಗೇರಿಗೆ ಹಾಕುವಾಗ ಒಂದು ಸಲ ತಡವರಿಸಿದೆ, ಅದಕ್ಕೇ ಹತ್ತನೇ ಮೂರು ಭಾಗ ಹೋಯಿತು. ಫ್ರಂಟ್ ರನ್ನರ್ ಇವೆಲ್ಲಕ್ಕಿಂತ ಚೂರು ಬೇಗ ಬಂತು. ಗೆಳೆಯ ಕುಣಿದಾಡಿದ. ಆದರೆ ಅದರಲ್ಲಿ ಒಂದು ಪಾಲು ಟೈರಿನ ಎತ್ತರದ್ದು. ಸ್ಟಾರ್ಟ್ ಗೆರೆಯ ಬೆಳಕಿನ ಕಿರಣವನ್ನು ಮುಂದಿನ ಟೈರು ಅಡ್ಡಗಟ್ಟಿ ನಿಂತಿರುತ್ತೆ, ಅದು ದಾಟಿದ ಮೇಲೇ ಗಡಿಯಾರ ಶುರು. ಟೈರು ದೊಡ್ಡದಿದ್ದರೆ ಕಿರಣ ದಾಟುವ ಮೊದಲು ಗಾಡಿ ಒಂದೆರಡು ಸೆಂಟಿಮೀಟರ್ ಜಾಸ್ತಿ ಉರುಳಿ ವೇಗ ಹಿಡಿದಿರುತ್ತೆ. ಅದನ್ನು ಹೇಳಿದ್ದಕ್ಕೆ ಗೆಳೆಯ ಊಟದ ತನಕ ಮಾತಾಡಲಿಲ್ಲ.

ಹತ್ತನೇ ಒಂದು ಭಾಗಕ್ಕೆ ನಾಲ್ಕು ಹೆಜ್ಜೆ ಕೊಡಬೇಕಾ? ಗಾಡಿ ಟ್ರೈಲರಿನಲ್ಲಿ ಬಂದು ಟ್ರೈಲರಿನಲ್ಲಿ ಹೋಗುವಂಥದ್ದಾದರೆ, ಗೆರೆ ದಾಟಿದ ಮೇಲೆ ನಿಲ್ಲಿಸೋಕೆ ಬೇಕಾದಷ್ಟು ಜಾಗ ಇದ್ದರೆ, ಕೊಡಿ. ಆಗ ಫ್ರಂಟ್ ರನ್ನರೇ ಸರಿ, ಗೆಳೆಯನ ಜೊತೆ ಜಗಳ ಇಲ್ಲ. 800 ಕೆಜಿಯ ಹಗುರ ಗಾಡಿ, ಮುಂದೆ ಭಾರ ಕಡಿಮೆ ಅಂದರೆ 145 ಸಾಕಾಗುತ್ತೆ, ವೇ ಬ್ರಿಡ್ಜಿಗೆ ಹತ್ತಿಸಿ ಲೆಕ್ಕ ಹಾಕಿ ನೋಡಿ. ನನ್ನದು ಬೆಂಗಳೂರಲ್ಲಿ ಓಡುವ ಗಾಡಿ. ಮುಂದೆ ಬಿಎಂಟಿಸಿ ಬಸ್ಸು ನಡುರಸ್ತೆಯಲ್ಲೇ ನಿಂತು ಜನರನ್ನು ಹತ್ತಿಸಿಕೊಳ್ಳುತ್ತೆ. 155ನ್ನೇ ಇಟ್ಟುಕೊಂಡೆ. ಅದರಲ್ಲೇ ಹೋಗ್ತೀನಿ, ಅದರಲ್ಲೇ ಓಡಿಸ್ತೀನಿ, ಅದರಲ್ಲೇ ವಾಪಸ್ ಬರ್ತೀನಿ. ಹಾಕಿದ ಮೇಲೆ ಅಲೈನ್‌ಮೆಂಟ್ ಮಾಡಿಸಿದೆ. ಮೂಗು ಎದ್ದಾಗ ಚಕ್ರದ ದಿಕ್ಕು ಸ್ವಲ್ಪ ಬದಲಾಗುತ್ತೆ, ಸಣ್ಣ ಟೈರಲ್ಲಿ ಅದು ಕೈಗೆ ಬೇಗ ಗೊತ್ತಾಗುತ್ತೆ. ಆರ್‌ಸಿಯಲ್ಲಿರುವುದಕ್ಕಿಂತ ಗಾಡಿಯನ್ನು ಬೇರೆ ಮಾಡಿದರೆ 52ನೇ ಸೆಕ್ಷನ್ ಇದೆ ಅನ್ನುವುದನ್ನೂ ಮರೆಯಬೇಡಿ. ಎಂಜಿನ್ ಕೆಲಸದ ಕಾಗದಗಳನ್ನು ನಾನು ಗಾಡಿಯಲ್ಲೇ ಇಟ್ಟಿರುತ್ತೇನೆ.

ಒಂದು ಸಮಸ್ಯೆ ಮಾತ್ರ ಬಗೆಹರಿದಿಲ್ಲ. ಮುಂದೆ 13 ಇಂಚು, ಹಿಂದೆ 15 ಇಂಚು, ಸ್ಟೆಪ್ನಿ ಯಾವುದು? ಮುಂದಿನದನ್ನು ಹಿಂದೆ ಹಾಕಿದರೆ ಎತ್ತರದಲ್ಲಿ ಐದು ಸೆಂಟಿಮೀಟರ್ ವ್ಯತ್ಯಾಸ. ಎಡ ಬಲದ ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ದಾರಿಯುದ್ದಕ್ಕೂ ತಿರುಗುತ್ತಾ ಬಿಸಿಯಾಗುತ್ತೆ. ಹಿಂದಿನದನ್ನು ಮುಂದೆ ಹಾಕಿದರೆ ಮಡ್‌ಗಾರ್ಡಿಗೆ ತಾಗುತ್ತೆ. ಹಾಗಾಗಿ ಡಿಕ್ಕಿಯಲ್ಲಿ ಎರಡು ಸ್ಟೆಪ್ನಿ ಹೊತ್ತು ಓಡಾಡ್ತಿದ್ದೇನೆ. ನಾಲ್ಕು ನಾಲ್ಕು ಕೆಜಿ ಅಂತ ಮುಂದೆ ಉಳಿಸಿದ್ದೆಲ್ಲ ಹಿಂದೆ ತುಂಬಿಕೊಂಡಿದೆ. ಕಳೆದ ವಾರ ಮಾಮನನ್ನು ಯಶವಂತಪುರ ಸ್ಟೇಷನ್ನಿಗೆ ಬಿಡೋಕೆ ಹೋದಾಗ ಅವರ ಸೂಟ್‌ಕೇಸಿಗೆ ಡಿಕ್ಕಿಯಲ್ಲಿ ಜಾಗ ಸಿಗಲಿಲ್ಲ. ಹಿಂದಿನ ಸೀಟು ಅಂತೂ ಇಲ್ಲವೇ ಇಲ್ಲ. ದಾರಿಯುದ್ದಕ್ಕೂ ತೊಡೆಯ ಮೇಲೇ ಇಟ್ಟುಕೊಂಡು ಕೂತಿದ್ದರು. "ಸೈಕಲ್ ಚಕ್ರ ಹಾಕಿದ್ಮೇಲೆ ಹಿಂದೆ ಒಂದು ಕ್ಯಾರಿಯರ್ರೂ ಹಾಕಿಸ್ಬಿಡೋ" ಅಂದರು.